ಮುನ್ನರಿವೂ ಆಡಳಿತದ ಹೊಣೆಯೂ



ಈ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ನನ್ನನ್ನು ಬರಮಾಡಿಕೊಂಡ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಮಹಾಜನರಿಗೆ ನಾನು ಕೃತಜ್ಞನಾಗಿದ್ದೇನೆ. ಪ್ರಕೃತಿವಿಕೋಪದ ಕಾಲದಲ್ಲಿ ವಿಜ್ಞಾನಿಯೂ ಅಧಿಕಾರಿಯೂ ಪರಸ್ಪರ ಹೇಗೆ ನಡೆದುಕೊಳ್ಳತಕ್ಕದ್ದು ಎಂಬುದೇ ಈ ದಿನ ನನ್ನ ವಿಷಯ.

ಧಾರವಾಡ ಶಿಲಾಸಮೂಹದ ಒಂದು ವಿಭಾಗಕ್ಕೆ ಭೂವಿಜ್ಞಾನಿಗಳು ರಾಣೇಬೆನ್ನೂರಿನ ಹೆಸರನ್ನೇ ಇಟ್ಟಿರುವರು. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಪ್ರಾಚೀನವಾದ ಆ ಶಿಲೆಗಳ ನಡುವೆ ಜ್ವಾಲಾಮುಖಿಯ ಲಾವಾ ಘನೀಭವಿಸಿದ ಪದರಗಳೂ ಉಂಟು. ಆ ಅಗ್ನಿ ಎಂದೋ ಆರಿತು. ಇಂದು ಭಾರತದಲ್ಲಿ ಸಕ್ರಿಯವಾಗಿರುವ ಜ್ವಾಲಾಮುಖಿ ಅಂಡಮಾನಿನ ನಿರ್ಜನ ಬ್ಯಾರನ್ ದ್ವೀಪವೊಂದೇ. ಆದರೂ ಪರದೇಶದ ಜ್ವಾಲಾಮುಖಿಗಳು ಕಲಿಸಿದ ಪಾಠ ನಮಗೂ ಸಲ್ಲತಕ್ಕದ್ದು.

ಕೊಲಂಬಿಯಾ ದೇಶದ ನೆವಾಡೋ ಡೆಲ್ ರೂಯಿಜ್ ಪರ್ವತವು ಸ್ಫೋಟಿಸಿದರೆ ಕೆಸರಿನ ಪ್ರವಾಹ ಯಾವ ಊರುಗಳನ್ನು ನುಂಗಬಹುದೆಂಬ ನಕಾಶೆಯನ್ನು ವಿಜ್ಞಾನಿಗಳು 1985ರ ಅಕ್ಟೋಬರಿನಲ್ಲಿಯೇ ಸಿದ್ಧಪಡಿಸಿದ್ದರು. ನವೆಂಬರ್ 13ರ ರಾತ್ರಿ ಪ್ರವಾಹವು ಆ ನಕಾಶೆಯ ಜಾಡನ್ನೇ ಹಿಡಿದು ಬಂದು ಆರ್ಮೆರೋ ಪಟ್ಟಣವನ್ನು ಹೂತುಹಾಕಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಮೃತರಾದರು. ಅರಿವು ಇದ್ದಿತು, ಆಜ್ಞೆ ಹೊರಡಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 1991ರಲ್ಲಿ ಫಿಲಿಪೈನ್ಸಿನ ಪಿನಾಟುಬೋ ಪರ್ವತವು ಹೊಗೆಯಾಡತೊಡಗಿದಾಗ ಅಲ್ಲಿಯ ವಿಜ್ಞಾನಿಗಳು ಅಪಾಯವನ್ನು ಐದು ಮಟ್ಟಗಳಾಗಿ ವಿಂಗಡಿಸಿ, ಸಂಶಯಪಡುತ್ತಿದ್ದ ಅಧಿಕಾರಿಗಳಿಗೆ ಸ್ಫೋಟಗಳ ಚಲನಚಿತ್ರವನ್ನೇ ತೋರಿಸಿ ಮನವರಿಕೆ ಮಾಡಿದರು. ಜೂನ್ 15ರ ಮಹಾಸ್ಫೋಟಕ್ಕೆ ಮುನ್ನವೇ ಹತ್ತಾರು ಸಾವಿರ ಜನರನ್ನು ಸ್ಥಳಾಂತರಿಸಲಾಗಿದ್ದಿತು.

ನಮಗೆ ಈ ಪರೀಕ್ಷೆ ಬರುವುದು ನೀರಿನ ರೂಪದಲ್ಲಿ. ಮಲೆನಾಡಿನ ಮಳೆಯನ್ನು ಹೊತ್ತು ಬರುವ ವರದೆಯು ಹಾನಗಲ್ಲು, ಹಾವೇರಿ ಸೀಮೆಗಳನ್ನು ಹಾಯ್ದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಾ, ಭದ್ರಾ ಜಲಾಶಯಗಳಿಂದ ಬಿಟ್ಟ ನೀರು ರಾಣೇಬೆನ್ನೂರು ತಾಲ್ಲೂಕಿನ ದಂಡೆಯನ್ನು ಮುಟ್ಟುತ್ತದೆ. 2019ರ ಆಗಸ್ಟಿನ ನೆರೆಯನ್ನು ಇಲ್ಲಿ ಕುಳಿತವರಲ್ಲಿ ಮರೆತವರಿಲ್ಲ. ಬರಗಾಲದ ಪರಿವೀಕ್ಷಣೆಗಾಗಿ 1988ರಲ್ಲಿ ನಮ್ಮ ರಾಜ್ಯವು ಆರಂಭಿಸಿದ ಘಟಕವು ಇಂದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನು ನಿಲ್ಲಿಸಿದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯು ಜಿಲ್ಲಾಧಿಕಾರಿಗಳನ್ನೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರನ್ನಾಗಿ ಮಾಡಿದೆ. ಹೀಗೆ ಅಂಕಿಯೂ ಇದೆ, ಅಧಿಕಾರವೂ ಇದೆ. ಇವೆರಡೂ ನದೀತೀರದ ಮನೆಯ ಹೊಸ್ತಿಲನ್ನು ಹೊತ್ತಿಗೆ ಸರಿಯಾಗಿ ಮುಟ್ಟುವಂತೆ ಮಾಡುವ ಕಾರ್ಯವು ಉಳಿದಿದೆ. ಇಷ್ಟು ಸಾವಿರ ಕ್ಯೂಸೆಕ್ಸ್ ನೀರು ಬಿಡಲಾಗಿದೆಯೆಂಬ ಪ್ರಕಟಣೆಯನ್ನು ಕೇಳಿದ ರೈತನಿಗೆ, ನೀರು ತನ್ನೂರ ಗುಡಿಯ ಯಾವ ಮೆಟ್ಟಿಲವರೆಗೆ, ಎಷ್ಟು ಹೊತ್ತಿಗೆ ಬಂದೀತೆಂದು ತಿಳಿದರಲ್ಲವೇ ಆತ ಹೊಳೆಯಂಚಿನ ಪಂಪ್‌ಸೆಟ್ಟನ್ನು ಎತ್ತಿ, ದನಕರುಗಳನ್ನು ಬಿಚ್ಚಿ ದಿಬ್ಬಕ್ಕೆ ಹೊಡೆಯುವುದು?

ಬ್ಯಾಡಗಿ ಸೀಮೆಯ ಮಾತೂ ಇದೇ. 2011ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ಇಲ್ಲಿನ ಮೆಣಸಿನಕಾಯಿಗೆ ಅದರ ಬಣ್ಣವೇ ಬೆಲೆ; ಕಣದಲ್ಲಿ ಹರವಿದ ಕಾಯಿಯ ಮೇಲೆ ಅಕಾಲದ ಮಳೆ ಬಿದ್ದರೆ ಬಣ್ಣ ಕೆಟ್ಟು ಬೂಸಲು ಹಿಡಿಯುತ್ತದೆ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರ ಸಲಹೆಯು ಮೋಡ ಕವಿಯುವ ಮುನ್ನ ಆ ಕಣವನ್ನು ತಲುಪಿದರೆ, ಕಾಯಿಯನ್ನು ರಾಶಿಗೂಡಿಸಿ ತಾಡಪತ್ರಿ ಹೊದಿಸಲು ಅರ್ಧದಿನ ಸಾಕು.

ವಿಜ್ಞಾನಿಯು ತನಗೆ ನಿಶ್ಚಿತವಾದುದನ್ನೂ ಅನಿಶ್ಚಿತವಾದುದನ್ನೂ ಮುಚ್ಚುಮರೆಯಿಲ್ಲದೆ ಹೇಳತಕ್ಕದ್ದು. ಅಧಿಕಾರಿಯು ಪೂರ್ಣ ನಿಶ್ಚಯಕ್ಕಾಗಿ ಕಾಯದೆ ಆಜ್ಞೆ ಕೊಡತಕ್ಕದ್ದು. ಒಮ್ಮೆ ಮುನ್ಸೂಚನೆ ಹುಸಿಯಾದರೆ ಇಬ್ಬರನ್ನೂ ಹಳಿಯದಿರುವ ತಾಳ್ಮೆಯು ಜನರಲ್ಲಿರತಕ್ಕದ್ದು. ಆದರೆ ಈ ಒಪ್ಪಂದವು ನೆರೆ ಏರಿದ ರಾತ್ರಿಯಲ್ಲಿ ಆಗತಕ್ಕದ್ದಲ್ಲ. ಆದುದರಿಂದ, ಮುಂಗಾರಿಗೆ ಮುನ್ನ ಪ್ರತಿವರ್ಷವೂ ಮೂರು ತಾಲ್ಲೂಕುಗಳ ಅಧಿಕಾರಿಗಳೂ ವಿಜ್ಞಾನಿಗಳೂ ಪಂಚಾಯಿತಿ ಸದಸ್ಯರೂ ಒಂದೆಡೆ ಕುಳಿತು, ಯಾವ ಸೂಚನೆಗೆ ಯಾವ ಕ್ರಮ, ಡಂಗುರ ಸಾರಿಸುವ ಹೊಣೆ ಯಾರದು ಎಂಬುದನ್ನು ಬರೆದು, ಪ್ರತಿ ಹಳ್ಳಿಯ ಚಾವಡಿಯಲ್ಲಿ ಅಂಟಿಸಬೇಕೆಂದು ಈ ಸಮ್ಮೇಳನವು ನಿರ್ಣಯಿಸಲಿ. ಆ ಮೊದಲ ಸಭೆಯನ್ನು ಬರುವ ಮುಂಗಾರಿಗೆ ಮುನ್ನವೇ ಕರೆಯಬೇಕೆಂದು ನಿಮ್ಮೆಲ್ಲರನ್ನೂ ಪ್ರಾರ್ಥಿಸುತ್ತೇನೆ.