ಸತ್ತ ದನ ಸುಲಿದ ಕೈ, ನಾಡಿ ಹಿಡಿಯುವ ಕೈ

(ಚಿಕ್ಕೋಡಿಯಲ್ಲಿ ಸೇರಿದ್ದ ಪಿಯುಸಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ನರ್ಸಿಂಗ್ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಅದಕ್ಕೇ ಹಾರ ತುರಾಯಿ ಮಾತು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ನನಗೆ ಕೊಟ್ಟ ವಿಷಯ ಶರೀರಕ್ರಿಯಾಶಾಸ್ತ್ರ. ಕಾಲೇಜಿನಲ್ಲಿ ಫಿಸಿಯಾಲಜಿ ಅಂತಾರೆ. ಅಂಗ ಎಲ್ಲೈತಿ, ಹೆಂಗೈತಿ ಅನ್ನೋದು ಅಂಗರಚನಾಶಾಸ್ತ್ರ. ಜೀವ ಇದ್ದಾಗ ಆ ಅಂಗ ಏನು ಕೆಲಸ ಮಾಡತೈತಿ, ಯಾಕ ಮಾಡತೈತಿ ಅನ್ನೋದು ಶರೀರಕ್ರಿಯಾಶಾಸ್ತ್ರ. ಡಾಕ್ಟರ್, ನರ್ಸ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಿಷಿಯನ್, ಏನೇ ಆಗಲಿ, ಮೊದಲ ವರ್ಷ ಈ ಬಾಗಿಲು ದಾಟಲೇಬೇಕು. ಆಸ್ಪತ್ರೆಯಲ್ಲಿ ನಮ್ಮ ಮಂದಿ ಮೊದಲಿಂದಲೂ ಇದ್ದಾರೆ. ಕಸ ಗುಡಿಸ್ಯಾರೆ, ರಕ್ತದ ಬಟ್ಟೆ ಒಗೆದಾರೆ, ಹೆಣ ಎತ್ಯಾರೆ. ಅವರಿಗೂ ನಾಡಿ ಹಿಡಿಯುವವರಿಗೂ ನಡುವೆ ನಿಂತಿರುವ ಗೋಡೆ ಈ ಓದು.

ಈ ಬಾಗಿಲ ಮುಂದೆ ನಮ್ಮ ಮಕ್ಕಳು ಹೆದರುತ್ತಾರೆ. "ಇದು ನಮ್ಮಂಥವರ ವಿದ್ಯೆ ಅಲ್ಲಕ್ಕಾ" ಅಂತಾರೆ. ಹಂಗಾದರ ಯಾರ ವಿದ್ಯೆ?

ಸತ್ತ ದನ ಹೊತ್ತೊಯ್ದು ಸುಲಿದ ನಮ್ಮ ಮುತ್ಯಾಗಳು ಗುಂಡಿಗೆ, ಪುಪ್ಪುಸ, ಕರುಳು ಕೈಯಲ್ಲಿ ಹಿಡಿದು ನೋಡಿದವರು. ಅಥಣಿ, ನಿಪ್ಪಾಣಿಯ ಸಮಗಾರ ಬಂಧುಗಳು ಹೊಲಿದ ಚಪ್ಪಲಿ ಕೊಲ್ಹಾಪುರಿ ಅನ್ನೋ ಹೆಸರಲ್ಲಿ ದೇಶವೆಲ್ಲ ನಡೆದಾಡಿತು. ಆ ಕೈಗಳಿಗೆ ಸಿಕ್ಕಿದ್ದು ಊರ ಹೊರಗಿನ ಕೇರಿ. 1836ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಮನುಷ್ಯನ ಹೆಣ ಕೊಯ್ದಾಗ ಕೋಟೆಯಿಂದ ತೋಪು ಹಾರಿಸಿದರು ಅಂತ ಹೇಳುತ್ತಾರೆ. ಅವರ ಧೈರ್ಯ ದೊಡ್ಡದು, ಇಲ್ಲ ಅನ್ನೋದಿಲ್ಲ. ಆದರೆ ಒಬ್ಬರು ಮುಟ್ಟಿದರೆ ತೋಪಿನ ಮರ್ಯಾದೆ, ಇನ್ನೊಬ್ಬರು ಮುಟ್ಟಿದರೆ ಮೈಲಿಗೆ. ಇದು ಯಾವ ಶಾಸ್ತ್ರ?

ದನ ಸುಲಿಯೋಕೆ ಮರಳಿ ಹೋಗಿ ಅಂತ ನಾನು ಹೇಳುತ್ತಿಲ್ಲ. 1925ರಲ್ಲಿ ನಮ್ಮ ನಿಪ್ಪಾಣಿಗೇ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದ ಬಾಬಾಸಾಹೇಬರು ಆ ಹೀನ ದುಡಿಮೆ ಬಿಡಿ ಅಂತ ಮುಂದೆ ಹೇಳಿದರು. ಬಿಟ್ಟದ್ದು ಸರಿ. ಮುತ್ಯಾನಿಗೆ ಗುಂಡಿಗೆ ಕಂಡಿತ್ತು. ಅದು ಯಾಕೆ ಬಡಿಯತೈತಿ ಅಂತ ಓದಲು ಅಕ್ಷರ ಸಿಗಲಿಲ್ಲ. ಆ 'ಯಾಕೆ' ನಮಗೆ ಬರಬೇಕಾದ ಬಾಕಿ. ಅದನ್ನು ವಸೂಲಿ ಮಾಡಬೇಕಾದವರು ನೀವು.

ನನ್ನ ಅವ್ವ ತಂಬಾಕು ವಖಾರಿಯಲ್ಲಿ ದುಡಿದಾಕೆ. ಸಂಜೆ ಬಂದರೆ ತಲೆ ಸುತ್ತು, ವಾಂತಿ, ಎದೆ ಡವಡವ. ಮನೆಯಲ್ಲಿ ದೃಷ್ಟಿ ತೆಗೆದರು. ಒಬ್ಬ ಡಾಕ್ಟರು ಅವಳ ನಾಡಿ ಮುಟ್ಟದೆ ದೂರದಿಂದಲೇ ಗುಳಿಗೆ ಬರೆದರು. ಮೊದಲ ವರ್ಷ ನರಮಂಡಲದ ಪಾಠದಲ್ಲಿ ನಿಕೋಟಿನ್ ಅನ್ನೋ ಹೆಸರು ಬಂತು. ನರದಿಂದ ನರಕ್ಕೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನೋ ರಸಾಯನ ಒಂದೈತಿ. ಅದು ಕೂಡುವ ಜಾಗದಲ್ಲಿ ನಿಕೋಟಿನ್ ಹೋಗಿ ಕೂಡತೈತಿ. ಗುಂಡಿಗೆ ಓಡತೈತಿ, ಹೊಟ್ಟೆ ತೊಳಸತೈತಿ. ಬೀಡಿ ಸೇದಬೇಕಂತಿಲ್ಲ. ಧೂಳಿನ ಜೊತೆ, ಹಸಿ ಎಲೆಯಾದರೆ ಚರ್ಮದ ಮೂಲಕವೂ ಮೈಯೊಳಗೆ ಇಳಿಯತೈತಿ. ಅವತ್ತು ಪುಸ್ತಕ ಮುಚ್ಚಿ ಅತ್ತೆ. ಅವ್ವನಿಗೆ ಬಡಿದದ್ದು ದೆವ್ವದ ಗಾಳಿ ಅಲ್ಲ, ಕಿಟಕಿ ಇಲ್ಲದ ವಖಾರಿಯ ಗಾಳಿ. ದೃಷ್ಟಿ ಅಂದುಕೊಂಡರೆ ನಿಂಬೆಹಣ್ಣು ಸುಳಿಯುತ್ತೇವೆ. ಕಾರಣ ಗೊತ್ತಾದರೆ ಕಿಟಕಿ ಕೇಳುತ್ತೇವೆ, ಕೈಗವಸು ಕೇಳುತ್ತೇವೆ.

ಇನ್ನೊಂದು ಮಾತು. ಈ ವಿಷಯದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಒಬ್ಬರ ಮೈಮೇಲೆ ಒಬ್ಬರು ಕಲಿಯಬೇಕು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಬೇಕು, ಬೆರಳು ಚುಚ್ಚಿ ರಕ್ತ ತೆಗೆಯಬೇಕು. ನನ್ನ ಜೋಡಿ ಹುಡುಗಿ "ಬ್ಯಾರೆ ಜೋಡಿ ಕೊಡ್ರಿ ಮೇಡಮ್ಮು" ಅಂದಳು. ಕಾರಣ ಎಲ್ಲರಿಗೂ ಗೊತ್ತಿತ್ತು. ಮೇಡಂ ಒಪ್ಪಲಿಲ್ಲ. ಅವಳ ಬೆರಳು ನಾನು ಹಿಡಿದೆ, ನನ್ನ ಬೆರಳು ಅವಳು ಹಿಡಿದಳು. ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12 ಗ್ರಾಂ ಆದರೂ ಇರಬೇಕು. ನನ್ನದು 9, ಅವಳದ್ದೂ 9. ಬಡತನ ಇಬ್ಬರ ರಕ್ತವನ್ನೂ ತಿಂದಿತ್ತು. ಆ ಮೇಲೆ ಪರೀಕ್ಷೆಗೆ ಇಬ್ಬರೂ ಕೂಡಿಯೇ ಓದಿದೆವು.

ಈಗ ದಾರಿ ಹೇಳುತ್ತೇನೆ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು. 2017ರಿಂದ ಕನ್ನಡದಲ್ಲೂ ಬರೆಯಬಹುದು. ಆದರೆ ಒಳಗೆ ಹೋದ ಮೇಲೆ ಪುಸ್ತಕವೆಲ್ಲ ಇಂಗ್ಲಿಷ್. ಅದಕ್ಕೇ ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಪಕ್ಕದಲ್ಲೇ ಇಂಗ್ಲಿಷ್ ಹೆಸರು ಬರೆದುಕೊಳ್ಳಿ. ಅರ್ಥ ಇಲ್ಲದೆ ಬಾಯಿಪಾಠ ಮಾಡಿದ್ದು ಮೊದಲ ಆಂತರಿಕ ಪರೀಕ್ಷೆಗೇ ಕೈ ಕೊಡತೈತಿ. ಪಿಯುಸಿ ಜೀವಶಾಸ್ತ್ರ ಪುಸ್ತಕದಿಂದ ಎನ್‌ಸಿಇಆರ್‌ಟಿ 2022ರಲ್ಲಿ ಜೀರ್ಣಕ್ರಿಯೆಯ ಪಾಠ ತೆಗೆಯಿತು. ಪಾಠ ಹೋಯಿತು, ಹಸಿವು ಹೋಗಲಿಲ್ಲ. ಮೊದಲ ವರ್ಷ ಆ ಪಾಠ ಮತ್ತೆ ಎದುರು ಬರತೈತಿ. ಹಳೇ ಪುಸ್ತಕ ಹುಡುಕಿ ಈಗಲೇ ಓದಿಕೊಳ್ಳಿ. ನೀಟ್ ಒಂದು ತಪ್ಪಿದರೆ ಜೀವನ ತಪ್ಪಿತು ಅಂತ ಕೂಡಬೇಡಿ. ನರ್ಸಿಂಗ್ ಐತಿ, ಲ್ಯಾಬ್ ಐತಿ. ಅಲ್ಲೂ ಇದೇ ಶಾಸ್ತ್ರ, ಅಲ್ಲೂ ಜೀವ ಉಳಿಸುವ ಕೆಲಸ.

ಬೆಳಗಾವಿಯಲ್ಲಿ ಖಾಸಗಿ ಮೆಡಿಕಲ್ ಕಾಲೇಜು 1963ರಲ್ಲಿ ಶುರುವಾಯಿತು. ಸರ್ಕಾರಿ ಕಾಲೇಜು ಬಂದದ್ದು 2005ರಲ್ಲಿ. ನಡುವೆ 42 ವರ್ಷ. ಅಷ್ಟು ವರ್ಷ ದುಡ್ಡಿಲ್ಲದ ಎಷ್ಟು ಬುದ್ಧಿವಂತ ಮಕ್ಕಳು ಕಬ್ಬಿನ ಗದ್ದೆಯಲ್ಲೇ ಉಳಿದರೋ, ಲೆಕ್ಕ ಇಟ್ಟವರಿಲ್ಲ. ಈಗ ಬಾಗಿಲು ಸ್ವಲ್ಪ ತೆರೆದೈತಿ. ಮೀಸಲಾತಿ ಒಳಗೆ ಬಿಡಬಹುದು, ಪಾಸು ಮಾಡಿಸೋದು ಓದು ಮಾತ್ರ.

ತಾಯಂದಿರೇ, ಮಗಳು ರಾತ್ರಿ ಪುಸ್ತಕ ಹಿಡಿದಾಗ ಭಾಂಡೆ ತಿಕ್ಕಲು ಕರೆಯಬೇಡಿ. ನಾಳೆ ಅವಳು ಯಾವುದೋ ವಾರ್ಡಿನಲ್ಲಿ ನಿಮ್ಮಂಥ ತಾಯಿಯೊಬ್ಬಳ ನಾಡಿ ಹಿಡಿಯುತ್ತಾಳೆ. ದೂರ ನಿಂತು ಅಲ್ಲ, ಮುಟ್ಟಿ ಹಿಡಿಯುತ್ತಾಳೆ.

ಜೈ ಭೀಮ್.