ಕಂಠಪಾಠದ ವಾರ್ತೆ

ದೂರದರ್ಶನದಲ್ಲಿ ತೆಲುಗು ವಾರ್ತೆಯನ್ನು ಮೊದಲು ಓದಿದವರು ಶಾಂತಿ ಸ್ವರೂಪ್. ಹೈದರಾಬಾದಿನವರು. 1978ರಲ್ಲಿ ಅಲ್ಲಿನ ದೂರದರ್ಶನ ಕೇಂದ್ರಕ್ಕೆ ಸೇರಿದರು. ಆದರೆ ತೆಲುಗು ವಾರ್ತೆ ಶುರುವಾಗಿದ್ದು 1983ರ ನವೆಂಬರ್ 14ರಂದು. ಅಲ್ಲಿಯವರೆಗೆ ಕಾಯಬೇಕಾಯಿತು.

ಆಗ ಅಲ್ಲಿ ಟೆಲಿಪ್ರಾಂಪ್ಟರ್ ಇರಲಿಲ್ಲ. ಈಗಿನ ವಾಚಕರ ಕಣ್ಣೆದುರು ಅಕ್ಷರಗಳು ತಾವಾಗಿಯೇ ಸರಿಯುತ್ತವೆ. ಶಾಂತಿ ಸ್ವರೂಪ್ ಅವರ ಬಳಿ ಇದ್ದದ್ದು ಬರೀ ಕಾಗದ. ತಲೆ ಬಗ್ಗಿಸಿಕೊಂಡೇ ಓದಿದರೆ ನೋಡುಗರಿಗೆ ಮುಖವೇ ಕಾಣದು. ಅದಕ್ಕೇ ಅವರು ವಾರ್ತೆಯನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಊರಿನ ಹೆಸರು, ಅಂಕಿಸಂಖ್ಯೆ, ಯಾವುದೂ ತಪ್ಪುವಂತಿರಲಿಲ್ಲ. ಕ್ಯಾಮೆರಾವನ್ನು ನೇರವಾಗಿ ನೋಡುತ್ತ, ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದರು. ನಾಳೆಯ ವಾರ್ತೆಯೇ ಬೇರೆ, ನಾಳೆಯ ಪಾಠವೂ ಬೇರೆ. ಹೀಗೆ ಸುಮಾರು ಹತ್ತು ವರ್ಷ. ಇಷ್ಟು ಕಾಲ ಅದೇ ಶ್ರದ್ಧೆ ಉಳಿಸಿಕೊಳ್ಳುವುದು ನಿಜಕ್ಕೂ ದೊಡ್ಡದು. ಎದುರಿಗೆ ಕೂತು ಕೇಳುವವರ ಮೇಲೆ ಅಂಥ ಗೌರವವಿಲ್ಲದೆ ಅದು ಆಗದ ಕೆಲಸ.

ಅವರು ಕಾದಂಬರಿಕಾರರೂ ಹೌದು. ಭೋಪಾಲ್ ಅನಿಲ ದುರಂತದ ಬಗ್ಗೆ ‘ರಾತಿ ಮೇಘಂ’ ಬರೆದರು. ಸತಿ ಪದ್ಧತಿಯ ವಿರುದ್ಧವೂ ಒಂದು ಕಾದಂಬರಿ ಬರೆದರು. ಪತ್ನಿ ರೋಜಾರಾಣಿ ಕೂಡ ವಾರ್ತಾವಾಚಕಿಯಾಗಿದ್ದವರು.

2011ರಲ್ಲಿ ನಿವೃತ್ತರಾದರು. 2024ರ ಏಪ್ರಿಲ್ 5ರಂದು ಹೈದರಾಬಾದಿನಲ್ಲಿ ತೀರಿಕೊಂಡರು.