ಕುದುರೆಗೆ ಎಲ್ಲಿ ಕೆರೆದರೆ ಹಿತ?

ಬಯಲಿನಲ್ಲಿ ಮೇಯಲು ಬಿಟ್ಟ ಕುದುರೆಗಳನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಒಂದು ಸೊಗಸಾದ ದೃಶ್ಯ ಕಾಣಸಿಗುತ್ತದೆ. ಎರಡು ಕುದುರೆಗಳು ಮೇಯುವುದನ್ನು ಬಿಟ್ಟು ಹತ್ತಿರ ಬರುತ್ತವೆ. ಒಂದರ ತಲೆ ಇನ್ನೊಂದರ ಬಾಲದ ಕಡೆಗಿರುವಂತೆ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಆಮೇಲೆ ಅದು ಇದರ ಬೆನ್ನನ್ನು, ಇದು ಅದರ ಬೆನ್ನನ್ನು ಮುಂಬಲ್ಲುಗಳಿಂದ ಕರಕರ ಕೆರೆಯಲು ಶುರು ಮಾಡುತ್ತವೆ. ನೋಡಿದವರಿಗೆ ಕಚ್ಚಾಡುತ್ತಿವೆಯೇನೋ ಅನ್ನಿಸಬಹುದು. ಆದರೆ ಅವುಗಳ ಕಣ್ಣು ನೋಡಿ, ಅರ್ಧ ಮುಚ್ಚಿರುತ್ತದೆ. ಕೆಳತುಟಿ ಸಡಿಲವಾಗಿ ಜೋತುಬಿದ್ದಿರುತ್ತದೆ. ಅವು ಒಂದಕ್ಕೊಂದು ಮೈ ಕೆರೆದುಕೊಡುತ್ತಿವೆ, ಅಷ್ಟೆ.

ಇನ್ನೂ ಹತ್ತಿರದಿಂದ ಗಮನಿಸಿದರೆ ಮತ್ತೊಂದು ವಿಷಯ ತಿಳಿಯುತ್ತದೆ. ಎಲ್ಲೆಂದರಲ್ಲಿ ಅವು ಕೆರೆಯುವುದಿಲ್ಲ. ಕತ್ತಿನ ಜೂಲು ಮುಗಿದು ಬೆನ್ನು ಶುರುವಾಗುವ ಕಡೆ ಕುದುರೆಗೆ ಒಂದು ಉಬ್ಬು ಇರುತ್ತದೆ. ಕುದುರೆಯ ಎತ್ತರವನ್ನು ಅಳೆಯುವುದೂ ನೆಲದಿಂದ ಆ ಉಬ್ಬಿನವರೆಗೇ. ಹೆಚ್ಚಿನ ಕೆರೆತವೆಲ್ಲ ಆ ಉಬ್ಬಿನ ಸುತ್ತಮುತ್ತಲೇ ನಡೆಯುತ್ತದೆ. ಅಲ್ಲೇ ಯಾಕೆ?

ಈ ಪ್ರಶ್ನೆಯ ಬೆನ್ನು ಹತ್ತಿದವರು ಕ್ಲೌಡಿಯಾ ಫೇ ಮತ್ತು ದ ಮಾಜಿಯೇರ್ ಎಂಬ ವಿಜ್ಞಾನಿಗಳು. ಫ್ರಾನ್ಸಿನ ದಕ್ಷಿಣದಲ್ಲಿ ರೋನ್ ನದಿ ಸಮುದ್ರ ಸೇರುವಲ್ಲಿ ಕಮಾರ್ಗ್ ಎಂಬ ಜೌಗು ಪ್ರದೇಶವಿದೆ. ಅಲ್ಲಿ ಬಿಳಿಯ ಗಟ್ಟಿಮುಟ್ಟಾದ ಕುದುರೆಗಳು ಬಯಲಿನಲ್ಲೇ ಬದುಕುತ್ತವೆ. ಇಂಥ ಕುದುರೆಗಳ ಮೈಯನ್ನು ಅವರು ಕೈಯಿಂದ ಕೆರೆದು, ಆಗ ಎದೆಬಡಿತ ಏನಾಗುತ್ತದೆಂದು ಅಳೆದರು. ಕುದುರೆಗಳಿಗೆ ಇಷ್ಟವಾದ ಆ ಉಬ್ಬಿನ ಬಳಿ ಕೆರೆದಾಗ ಎದೆಬಡಿತ ನಿಧಾನವಾಯಿತು. ಅವು ಅಷ್ಟಾಗಿ ಕೆರೆದುಕೊಳ್ಳದ ಇನ್ನೊಂದು ಕಡೆ ಕೆರೆದಾಗ ಹಾಗೇನೂ ಆಗಲಿಲ್ಲ. 1993ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಜಾಗದ ಹತ್ತಿರ, ಒಳಗಡೆ, ಎದೆಬಡಿತವನ್ನು ಏರಿಸಿ ಇಳಿಸುವ ನರಗಳ ದೊಡ್ಡದೊಂದು ಗಂಟಿದೆ, ಕಾರಣ ಅದಿರಬಹುದು ಎಂದರು.

ಸುಮ್ಮನೆ ನಿಂತ ಕುದುರೆಯ ಎದೆ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ನಾಗಾಲೋಟದಲ್ಲಿ ಅದೇ ಎದೆ 200ಕ್ಕೂ ಹೆಚ್ಚು ಸಲ ಬಡಿದುಕೊಳ್ಳುತ್ತದೆ. ಹುಲ್ಲುಗಾವಲಿನಲ್ಲಿ ತೋಳಕ್ಕೆ ಹೆದರಿ ಬದುಕಿದ ಪ್ರಾಣಿಗೆ ಚಂಗನೆ ಓಡಲು ಸದಾ ತಯಾರಾಗಿರುವುದೇ ರೂಢಿ. ಅಂಥ ಪ್ರಾಣಿಯ ಎದೆಬಡಿತ ಕೈ ತಾಗಿದ್ದಕ್ಕೆ ಒಂದೆರಡು ಇಳಿದರೂ ನನಗೆ ಅದು ದೊಡ್ಡ ಸಂಗತಿ. ಇಲ್ಲಿ ಅಪಾಯವಿಲ್ಲ ಎಂದು ಅದರ ಮೈಯೇ ಒಪ್ಪಿಕೊಂಡಂತೆ.

ಕೈ ತಾಗಿದ್ದು ಮೈಗೆ ತಿಳಿಯುವುದು ಹೇಗೆ? ಚರ್ಮದಲ್ಲಿ ನರಗಳ ತುದಿಗಳಿವೆ. ಅವುಗಳ ಮೇಲೆ ಒತ್ತಡ ಬಿದ್ದಾಗ ಕೆಲವು ಪ್ರೋಟೀನುಗಳು ತೆರೆದುಕೊಂಡು, ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತವೆ. ಆ ಸಂಕೇತ ಬೆನ್ನುಹುರಿಯ ಮೂಲಕ ಮೆದುಳಿಗೆ ಹೋಗುತ್ತದೆ. ಇಂಥ ಒಂದು ಪ್ರೋಟೀನಿನ ಹೆಸರು ಪಿಯೆಝೋ-2. ಅದನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ಡೇವಿಡ್ ಜೂಲಿಯಸ್ ಜೊತೆ ನೊಬೆಲ್ ಪ್ರಶಸ್ತಿ ಬಂತು. ಇನ್ನೊಂದು ಸಂಗತಿ ನಿಮಗೂ ಗೊತ್ತಿರುವಂಥದ್ದು. ಮೊಣಕೈ ಬಾಗಿಲಿಗೆ ಬಡಿದರೆ ಏನು ಮಾಡುತ್ತೀರಿ? ಯಾರೂ ಹೇಳಿಕೊಡದಿದ್ದರೂ ಗಸಗಸ ಉಜ್ಜಿಕೊಳ್ಳುತ್ತೀರಿ, ನೋವು ಸ್ವಲ್ಪ ತಗ್ಗುತ್ತದೆ. ಉಜ್ಜಿದ ಸಂಕೇತ ಬೆನ್ನುಹುರಿಗೆ ಬಂದು, ನೋವಿನ ಸಂಕೇತ ಮೇಲೆ ಹೋಗುವುದನ್ನು ಒಂದಿಷ್ಟು ತಡೆಯುತ್ತದೆ ಎಂದು ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ವಿವರಿಸಿದರು. ಕುದುರೆಗೂ ಬೆನ್ನುಹುರಿಯಿದೆ, ನರಗಳಿವೆ. ಮೈಮೇಲೆ ನೊಣ ಕೂತರೆ ಕುದುರೆ ಆ ಜಾಗದ ಚರ್ಮವನ್ನಷ್ಟೇ ಪಟಪಟ ನಡುಗಿಸಿ ಓಡಿಸುತ್ತದೆ. ನೊಣದ ಭಾರವನ್ನು ತಿಳಿಯಬಲ್ಲ ಮೈಗೆ ನಮ್ಮ ಅಂಗೈ ತಿಳಿಯದೆ ಇರುತ್ತದೆಯೇ?

ಕೈಯಿಂದ ಅದುಮಿ, ತಿಕ್ಕಿ ಕುದುರೆಯನ್ನು ಉಪಚರಿಸುವವರೂ ಇದ್ದಾರೆ. ಆ ಕೈ ಎಲ್ಲಿ, ಏಕೆ ಬೇಕೆಂದು ತಿಳಿಯಲು ಈಗ ಕುದುರೆಯ ಮೈಯೊಳಗೆ ಸ್ವಲ್ಪ ಇಣುಕೋಣ. ನಿಮ್ಮ ಕುತ್ತಿಗೆಯ ಕೆಳಗೆ, ಎಡಕ್ಕೂ ಬಲಕ್ಕೂ ಅಡ್ಡವಾಗಿ ಒಂದೊಂದು ಮೂಳೆ ಕೈಗೆ ಸಿಗುತ್ತದೆಯಲ್ಲ, ಮುಟ್ಟಿ ನೋಡಿ. ಅದು ಕೊರಳೆಲುಬು. ನಿಮ್ಮ ತೋಳು ಎದೆಗೂಡಿಗೆ ಮೂಳೆಯ ಮೂಲಕ ಸೇರಿಕೊಂಡಿರುವುದು ಅಲ್ಲೇ. ಕುದುರೆಗೆ ಆ ಮೂಳೆಯೇ ಇಲ್ಲ! ಅದರ ಮುಂಗಾಲುಗಳಿಗೂ ಎದೆಗೂಡಿಗೂ ನಡುವೆ ಮೂಳೆಯ ಜೋಡಣೆ ಒಂದೂ ಇಲ್ಲ, ಇರುವುದು ಬರೀ ಸ್ನಾಯುಗಳು. ಎರಡು ಕಂಬಗಳ ನಡುವೆ ಸೀರೆ ಕಟ್ಟಿ ಮಗುವನ್ನು ಮಲಗಿಸುವ ಜೋಲಿ ನೋಡಿದ್ದೀರಲ್ಲ, ಹಾಗೆ ಮುಂಗಾಲುಗಳೆರಡರ ನಡುವೆ ಕುದುರೆಯ ಎದೆ ಸ್ನಾಯುಗಳಲ್ಲಿ ತೂಗಿಕೊಂಡಿದೆ. ಓಡುವಾಗ, ಹಾರಿ ಇಳಿಯುವಾಗ ಬೀಳುವ ಪೆಟ್ಟನ್ನು ಈ ಜೋಲಿ ನುಂಗಿಕೊಳ್ಳುತ್ತದೆ. ಸವಾರಿಯ ಕುದುರೆಯೊಂದು 450ರಿಂದ 500 ಕಿಲೋ ತೂಗುತ್ತದೆ. ಆ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಅರವತ್ತು ಪಾಲು ಮುಂಗಾಲುಗಳ ಮೇಲೇ ಬೀಳುತ್ತದೆ. ಆ ಸ್ನಾಯುಗಳು ಬಿಗಿದುಕೊಂಡರೆ ಕಾಲು ಮುಂದಕ್ಕೆ ಚಾಚುವುದು ಹೇಗೆ? ಹೆಜ್ಜೆ ಗಿಡ್ಡವಾಗುತ್ತದೆ.

ಕಾಲಿನ ಕೆಳಭಾಗದ ಕಥೆಯೇ ಬೇರೆ. ಕುದುರೆಯ ಮುಂಗಾಲಿನ ಮಂಡಿ ಎಂದು ನಾವು ಅಂದುಕೊಳ್ಳುವುದು ನಿಜವಾಗಿ ಅದರ ಮಣಿಕಟ್ಟು. ಅದರಿಂದ ಕೆಳಗಿರುವುದು ನಮ್ಮ ಅಂಗೈ ಮತ್ತು ನಡುಬೆರಳಿಗೆ ಸಮ, ಗೊರಸೆಂದರೆ ಆ ಬೆರಳಿನ ಉಗುರು. ಅಷ್ಟು ದೊಡ್ಡ ಪ್ರಾಣಿ ಪ್ರತಿ ಕಾಲಿನಲ್ಲೂ ಒಂದೇ ಬೆರಳ ತುದಿಯ ಮೇಲೆ ನಿಂತಿದೆ! ಮಣಿಕಟ್ಟಿನಿಂದ ಕೆಳಗೆ ಮಾಂಸಖಂಡ ಇಲ್ಲವೆನ್ನುವಷ್ಟು ಕಡಿಮೆ, ಮೂಳೆ ಮತ್ತು ಸ್ನಾಯುರಜ್ಜುಗಳೇ ಇರುವುದು. ಅದಕ್ಕೇ ತಿಳಿದವರು ಸ್ನಾಯು ಅದುಮುವ ಕೆಲಸವನ್ನು ಕತ್ತು, ಭುಜ, ಬೆನ್ನು, ಪಿರ್ರೆಗಳಲ್ಲಿ ಮಾಡುತ್ತಾರೆ. ಕೆಳಗಾಲನ್ನು ಗಟ್ಟಿಯಾಗಿ ಅದುಮುವುದಿಲ್ಲ.

ಇನ್ನು ಬೆನ್ನು. ಬೆನ್ನುಮೂಳೆಯ ಎರಡು ಪಕ್ಕದಲ್ಲೂ ಸೊಂಟದಿಂದ ಕತ್ತಿನ ಬುಡದವರೆಗೆ ಉದ್ದನೆಯ ಸ್ನಾಯು ಹಬ್ಬಿದೆ. ನಾವು ಜೀನು ಕಟ್ಟಿ ಹತ್ತಿ ಕೂರುವುದು ಸರಿಯಾಗಿ ಅದರ ಮೇಲೇ. ಜೀನು ಅಳತೆಗೆ ಸರಿಹೊಂದದಿದ್ದರೆ, ಸವಾರ ಒಂದೇ ಕಡೆ ವಾಲಿ ಕೂತರೆ, ಆ ಸ್ನಾಯು ನೋಯುತ್ತದೆ. ನೋವಿರುವ ಕಡೆ ಮೈ ತನ್ನಷ್ಟಕ್ಕೆ ಬಿಗಿದುಕೊಳ್ಳುತ್ತದೆ. ಅದರ ಕೆಲಸವನ್ನೂ ಬೇರೆ ಸ್ನಾಯುಗಳು ಮಾಡಲು ಹೋಗಿ ಅವೂ ದಣಿಯುತ್ತವೆ. ಕೊನೆಗೆ ಕುದುರೆ ಒಂದು ಪಕ್ಕಕ್ಕೆ ತಿರುಗಲು ಹಿಂಜರಿಯುತ್ತದೆ, ಜೀನು ಕಂಡರೆ ಕಿವಿ ಹಿಂದಕ್ಕೆ ಮಡಚುತ್ತದೆ. ನಾವು ಅದಕ್ಕೆ ‘ಮೊಂಡು ಕುದುರೆ’ ಎಂದು ಹೆಸರಿಟ್ಟುಬಿಡುತ್ತೇವೆ. ಪಾಪ, ಮೊಂಡುತನವಲ್ಲ ಅದು, ನೋವು.

ಕುದುರೆ ನೋವಿಗೆ ಕಿರುಚುವ ಪ್ರಾಣಿಯಲ್ಲ. ಕುಂಟುವ ಕುದುರೆಯನ್ನೇ ತೋಳ ಮೊದಲು ಹಿಡಿಯುತ್ತದೆ, ಹಾಗಾಗಿ ನೋವನ್ನು ಬಚ್ಚಿಟ್ಟುಕೊಳ್ಳುವುದು ಅದಕ್ಕೆ ಹುಟ್ಟಿನಿಂದ ಬಂದದ್ದು. ಆದರೂ ಮುಖ ಸ್ವಲ್ಪ ಹೇಳಿಬಿಡುತ್ತದೆ. ಕಿವಿಗಳು ಬಿಗಿಯಾಗಿ ಹಿಂದಕ್ಕೆ ಹೋಗುವುದು, ಕಣ್ಣಿನ ಸುತ್ತ ಬಿಗಿತ, ದವಡೆಯ ಸ್ನಾಯು ಎದ್ದು ಕಾಣುವುದು, ಮೂಗಿನ ಹೊಳ್ಳೆ ಬಿಗಿದುಕೊಳ್ಳುವುದು ಇಂಥವನ್ನೆಲ್ಲ ನೋಡಿ ನೋವಿಗೆ ಅಂಕ ಕೊಡುವ ಪಟ್ಟಿಯೊಂದನ್ನು ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಮುಖ ಹೇಳದ್ದನ್ನು ಕೆಲವೊಮ್ಮೆ ಅಂಗೈ ಪತ್ತೆ ಮಾಡುತ್ತದೆ.

ಪಳಗಿದ ಕೈ ಹೇಗೆ ಕೆಲಸ ಮಾಡುತ್ತದೆ ನೋಡಿ. ಮೊದಲು ಕುದುರೆಗೆ ಕೈಯನ್ನು ಮೂಸಲು ಬಿಡುತ್ತಾರೆ. ಆಮೇಲೆ ಅಂಗೈಯನ್ನು ಚಪ್ಪಟೆಯಾಗಿ ಕತ್ತಿನ ಮೇಲಿಟ್ಟು, ಕೂದಲು ಮಲಗಿದ ದಿಕ್ಕಿನಲ್ಲೇ ಭುಜಕ್ಕೆ, ಬೆನ್ನಿಗೆ, ಪಿರ್ರೆಗೆ ನಿಧಾನವಾಗಿ ಸವರುತ್ತಾ ಹೋಗುತ್ತಾರೆ. ಇದು ಇನ್ನೂ ಉಪಚಾರವಲ್ಲ, ಹುಡುಕಾಟ. ಎಲ್ಲಿ ಬಿಸಿ, ಎಲ್ಲಿ ಗಟ್ಟಿ, ಎಲ್ಲಿ ಕೈಯಿಟ್ಟರೆ ಕುದುರೆ ಬೆನ್ನು ತಗ್ಗಿಸುತ್ತದೆ? ಜೀನಿನ ಕೆಳಗಿನ ಜಾಗದಲ್ಲಿ ಒಂದು ಕಡೆ ಕೈ ನಿಲ್ಲುತ್ತದೆ. ಕುದುರೆಯ ಒಂದು ಕಿವಿ ತಟ್ಟನೆ ಆ ಕಡೆ ತಿರುಗುತ್ತದೆ, ತಲೆ ಮೇಲೇಳುತ್ತದೆ. ಅಲ್ಲಿಗೆ ಕೈ ಹಗುರವಾಗಬೇಕು. ಜೋರು ಮಾಡಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಹಗುರವಾಗಿ ಸುತ್ತು ಸುತ್ತಾಗಿ ತಿಕ್ಕುತ್ತಾ, ನಿಲ್ಲಿಸುತ್ತಾ, ಮತ್ತೆ ತಿಕ್ಕುತ್ತಾ ಇದ್ದರೆ ಎತ್ತಿದ ತಲೆ ಮೆಲ್ಲಗೆ ಇಳಿಯುತ್ತದೆ. ಉಸಿರು ಉದ್ದವಾಗುತ್ತದೆ. ಕುದುರೆ ಬಾಯಿ ಚಪ್ಪರಿಸುತ್ತದೆ, ಕೆಲವು ಕುದುರೆಗಳು ದೊಡ್ಡದಾಗಿ ಆಕಳಿಸುವುದೂ ಉಂಟು. ಹಿತವೆನಿಸಿದರೆ ಮೇಲ್ತುಟಿ ಮುಂದಕ್ಕೆ ಚಾಚಿ ಅದುರುತ್ತದೆ, ತಿರುಗಿ ತಿಕ್ಕುತ್ತಿರುವವರ ಬೆನ್ನನ್ನೇ ಕೆರೆದುಕೊಡಲು ಬರುವ ಕುದುರೆಗಳೂ ಇವೆ. ಬಯಲಿನಲ್ಲಿ ಕಲಿತ ಪಾಠ ಅದು.

ಇದೇನೂ ಹೊಸ ವಿದ್ಯೆಯಲ್ಲ. ಸುಮಾರು 2,350 ವರ್ಷಗಳ ಹಿಂದೆ ಗ್ರೀಸಿನ ಝೆನೊಫನ್ ಕುದುರೆ ಸವಾರಿಯ ಬಗ್ಗೆ ಒಂದು ಪುಸ್ತಕ ಬರೆದ. ಬೆನ್ನಿನ ಮೇಲೆ ಯಾವ ಉಪಕರಣವನ್ನೂ ಬಳಸಬೇಡಿ, ಕೂದಲು ಬೆಳೆದ ದಿಕ್ಕಿನಲ್ಲಿ ಕೈಯಿಂದಲೇ ಉಜ್ಜಿ, ಸವಾರ ಕೂರುವ ಜಾಗಕ್ಕೆ ನೋವಾಗಬಾರದು ಎಂಬ ಬುದ್ಧಿಮಾತು ಅದರಲ್ಲಿದೆ.

ಆದರೆ ಹಿರಿಯರು ಹೇಳಿದರೆಂದೋ, ಕುದುರೆ ಆಕಳಿಸಿತೆಂದೋ ವಿಜ್ಞಾನ ಸುಮ್ಮನಾಗುವುದಿಲ್ಲ, ಅಳೆದು ನೋಡುತ್ತದೆ. ತುದಿಗೆ ರಬ್ಬರ್ ಇರುವ ಪುಟ್ಟ ಉಪಕರಣವೊಂದಿದೆ. ಅದನ್ನು ಕುದುರೆಯ ಬೆನ್ನಿಗೆ ಮೆಲ್ಲಗೆ ಒತ್ತುತ್ತಾ ಹೋಗುತ್ತಾರೆ. ಕುದುರೆ ‘ಸಾಕು’ ಎಂದು ಮೈ ಸರಿಸಿದ ಕ್ಷಣ ನಿಲ್ಲಿಸಿ, ಎಷ್ಟು ಒತ್ತಡವಿತ್ತೆಂದು ಬರೆದುಕೊಳ್ಳುತ್ತಾರೆ. ಅಮೆರಿಕದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 38 ಕುದುರೆಗಳಿದ್ದವು. ಮೈ ತಿಕ್ಕಿಸಿಕೊಂಡ ಗುಂಪು ಒಂದು ವಾರದ ನಂತರ ಮೊದಲಿಗಿಂತ ನೂರಕ್ಕೆ 12ರಷ್ಟು ಹೆಚ್ಚು ಒತ್ತಡವನ್ನು ತಾಳಿಕೊಂಡಿತು. ನೋವಿನ ಔಷಧಿ ಪಡೆದ ಗುಂಪಿನಲ್ಲಿ ಈ ಹೆಚ್ಚಳ 8ರಷ್ಟಿತ್ತು. ಏನೂ ಉಪಚಾರ ಪಡೆಯದವುಗಳಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು ಅಲ್ಪ. ಅವೆಲ್ಲ ಆರೋಗ್ಯವಾಗಿದ್ದ ಕುದುರೆಗಳು ಎಂಬುದನ್ನು ಮರೆಯಬಾರದು. ಬೆನ್ನುನೋವಿನ ಕುದುರೆಗೂ ಇಷ್ಟೇ ಲಾಭ ಎಂದು ಇದರಿಂದ ಹೇಳಲಾಗದು.

ನಡಿಗೆಯ ವಿಷಯಕ್ಕೆ ಬಂದರೆ, ತೊಡೆಯ ಹಿಂಬದಿಯ ಸ್ನಾಯುಗಳನ್ನು ತಿಕ್ಕಿದ ಮೇಲೆ ಹಿಂಗಾಲು ಸ್ವಲ್ಪ ಹೆಚ್ಚು ಮುಂದಕ್ಕೆ ಚಾಚಿತೆಂದು ಇಂಗ್ಲೆಂಡಿನ ಒಂದು ಪುಟ್ಟ ಅಧ್ಯಯನ ತೋರಿಸಿದೆ. ನನಗೆ ಇದಕ್ಕಿಂತ ಇಷ್ಟವಾದದ್ದು ಕ್ಯಾರೆಟ್ ವ್ಯಾಯಾಮ. ಕ್ಯಾರೆಟ್ ತೋರಿಸಿ ಕುದುರೆಯ ಮೂತಿಯನ್ನು ಒಮ್ಮೆ ಎದೆಯ ಬಳಿಗೆ, ಒಮ್ಮೆ ಮುಂಗಾಲುಗಳ ನಡುವೆ, ಮತ್ತೊಮ್ಮೆ ಪಕ್ಕೆಯ ಕಡೆಗೆ ಕರೆದೊಯ್ದು, ಕೆಲವು ಕ್ಷಣ ಹಾಗೇ ಹಿಡಿದು ಕ್ಯಾರೆಟ್ ಕೊಟ್ಟುಬಿಡುವುದು. ಯಾರೂ ಕತ್ತು ಎಳೆಯುವುದಿಲ್ಲ, ಕುದುರೆ ತಾನಾಗಿ ಬಾಗುತ್ತದೆ. ನರೆಲ್ ಸ್ಟಬ್ಸ್, ಹಿಲರಿ ಕ್ಲೇಟನ್ ಮತ್ತು ಸಂಗಡಿಗರು ಎಂಟು ಕುದುರೆಗಳಿಗೆ ಮೂರು ತಿಂಗಳು ಇದನ್ನು ಮಾಡಿಸಿ, ಮೊದಲೂ ಆಮೇಲೂ ಬೆನ್ನಿನ ಅಲ್ಟ್ರಾಸೌಂಡ್ ತೆಗೆದರು. ಬೆನ್ನುಮೂಳೆಯ ಮಣಿಗಳನ್ನು ಒಂದಕ್ಕೊಂದು ಹಿಡಿದಿಡುವ ಒಳಗಿನ ಪುಟ್ಟ ಸ್ನಾಯುಗಳು ದಪ್ಪವಾಗಿದ್ದವು! ಆ ಮೂರು ತಿಂಗಳೂ ಅವುಗಳ ಮೇಲೆ ಯಾರೂ ಸವಾರಿ ಮಾಡಿರಲಿಲ್ಲ.

ಕೈಯಿಂದ ಆಗದ್ದೂ ಬೇಕಾದಷ್ಟಿದೆ, ಅದನ್ನೂ ಹೇಳಿಬಿಡಬೇಕು. ತಿಕ್ಕಿದರೆ ಮೈಯಲ್ಲಿನ ವಿಷವೆಲ್ಲ ಹೊರಗೆ ಹೋಗುತ್ತದೆ, ಓಡಿದಾಗ ಸೇರಿದ ಲ್ಯಾಕ್ಟಿಕ್ ಆಮ್ಲ ತೊಳೆದುಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ, ನಂಬಬೇಡಿ. ಆ ಆಮ್ಲವನ್ನು ಕುದುರೆಯ ಮೈ ತಾನೇ ಸ್ವಲ್ಪ ಹೊತ್ತಿನಲ್ಲಿ ಬಳಸಿ ಮುಗಿಸುತ್ತದೆ. ಮುರಿದ ಮೂಳೆ, ಜ್ವರ, ಊದಿಕೊಂಡ ಕಾಲು, ಗಾಯ ಇವಕ್ಕೆ ಬೇಕಾದವರು ಪಶುವೈದ್ಯರು. ಜೀನು ಒತ್ತುತ್ತಿದ್ದರೆ ಮೊದಲು ಜೀನು ಬದಲಿಸಬೇಕು. ಅದನ್ನು ಹಾಗೇ ಬಿಟ್ಟು ದಿನವೂ ಬೆನ್ನು ತಿಕ್ಕಿದರೆ ಆ ಕುದುರೆಗೆ ಸಿಕ್ಕ ನ್ಯಾಯವಾದರೂ ಏನು?

ನಮ್ಮಲ್ಲಿ ಕುದುರೆಗಳನ್ನು ಹತ್ತಿರದಿಂದ ಕಾಣಬೇಕೆಂದರೆ ಮೈಸೂರು ದಸರಾ ಇದೆ, ಮೆರವಣಿಗೆಯಲ್ಲಿ ಅಶ್ವಾರೋಹಿ ದಳದ ಕುದುರೆಗಳು ಸಾಲಾಗಿ ಬರುತ್ತವೆ. ಬ್ಯಾಂಡಿನ ಸದ್ದು, ಜನಜಂಗುಳಿ, ಕಾಲಡಿಯಲ್ಲಿ ಗಟ್ಟಿ ರಸ್ತೆ, ಬೆನ್ನ ಮೇಲೆ ಸವಾರ. ಅವುಗಳ ಕಿವಿ ಯಾವ ಕಡೆ ತಿರುಗಿದೆ, ತಲೆ ಎಷ್ಟು ಎತ್ತರದಲ್ಲಿದೆ, ನಾಲ್ಕೂ ಹೆಜ್ಜೆ ಒಂದೇ ಸಮನಾಗಿವೆಯೇ ಎಂದು ಈ ಸಲ ನೋಡಿ.

ಎಂದಾದರೂ ಲಾಯಕ್ಕೆ ಹೋಗುವ ಅವಕಾಶ ಸಿಕ್ಕರೆ ಮೊದಲು ಅಲ್ಲಿ ಕುದುರೆ ನೋಡಿಕೊಳ್ಳುವವರನ್ನು ಕೇಳಿ, ಅವರು ಪಕ್ಕದಲ್ಲಿರುವಾಗ ಮಾತ್ರ ಕುದುರೆಯ ಹತ್ತಿರ ಹೋಗಿ. ನೇರ ಹಿಂದಿನಿಂದ ಹೋಗಬೇಡಿ, ಅಲ್ಲಿ ನಿಂತವರು ಕುದುರೆಗೆ ಕಾಣುವುದಿಲ್ಲ, ಬೆಚ್ಚಿ ಒದ್ದುಬಿಡಬಹುದು. ಭುಜದ ಕಡೆಯಿಂದ, ಮೆಲುದನಿಯಲ್ಲಿ ಮಾತಾಡುತ್ತಾ ಹೋಗಿ. ಬೆನ್ನು ತಟ್ಟಬೇಡಿ, ಕುದುರೆಗಳು ಒಂದನ್ನೊಂದು ತಟ್ಟುವುದಿಲ್ಲ. ಜೂಲು ಮುಗಿಯುವ ಆ ಉಬ್ಬಿನ ಬಳಿ ಬೆರಳ ತುದಿಗಳಿಂದ ಕೆರೆಯಿರಿ, ಕೆರೆಯುವಾಗ ಅದರ ಮೇಲ್ತುಟಿಯನ್ನು ನೋಡುತ್ತಿರಿ.